ನನ್ನ ಮೀಸೆಯೂ ನನ್ನ ಹೆಂಡತಿಯ ಸರ್ಟಿಫಿಕೇಟೂ

ಯಾವ ಮಾಲನ್ನೇ ಆಗಲಿ, ಮೊದಲು ಸ್ವತಃ ಪರೀಕ್ಷೆ ಮಾಡದೆ ಇನ್ನೊಬ್ಬರ ಕೈಗೆ ಕೊಡಬಾರದು. ಇದು ನನ್ನ ವ್ಯಾಪಾರದ ಮೊದಲನೆಯ ನಿಯಮ. ಎರಡನೆಯ ನಿಯಮ, ಕೇಳಿದವರಿಗೆ ಸಲಹೆ ಕೊಡಬೇಕು. ಕೇಳದವರಿಗೆ ಸ್ವಲ್ಪ ಹೆಚ್ಚಾಗಿಯೇ ಕೊಡಬೇಕು. ಈ ಎರಡು ನಿಯಮಗಳನ್ನು ನಂಬಿಕೊಂಡು ನಾನು ಇಪ್ಪತ್ತೆರಡು ವರ್ಷ ಹೆಂಡತಿ ಮಕ್ಕಳನ್ನು ಸಾಕಿದ್ದೇನೆ. ಹೀಗೆಂದು ನಾನು ಹೇಳುತ್ತೇನೆ. ಹೆಂಡತಿಯ ಅಭಿಪ್ರಾಯ ಬೇರೆ ಇದೆ.

ದೇವದುರ್ಗದ ಬಸ್ ಸ್ಟ್ಯಾಂಡಿನ ಎದುರು ಒಂದು ಚಹಾದ ಹೋಟೆಲಿದೆ. ಅದರ ಬಾಗಿಲ ಬಲಕ್ಕಿರುವ ಬೆಂಚೇ ನನ್ನ ಆಫೀಸು. ಅಂಗಡಿಯಿಲ್ಲ, ಬೋರ್ಡಿಲ್ಲ. ಎತ್ತಿನ ಸಂತೆಯಲ್ಲಿ ದಲಾಲಿಯಾಗಿ ಶುರುಮಾಡಿ, ಎತ್ತುಗಳು ಕಡಿಮೆಯಾದಂತೆಲ್ಲ ಹಳೆಯ ಟ್ರ್ಯಾಕ್ಟರು, ಹಳೆಯ ಮೋಟರ್ ಸೈಕಲ್ಲುಗಳ ಕಡೆಗೆ ಸರಿದವನು ನಾನು. ಹಿಂದೆ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದೆ, ಈಗ ಸೈಲೆನ್ಸರಿನ ಹಿಂದೆ ಕೂತು ಹೊಗೆ ನೋಡುತ್ತೇನೆ. ಅಷ್ಟೇ ವ್ಯತ್ಯಾಸ. ಜಾಲಹಳ್ಳಿಯಿಂದ ಮಾನ್ವಿಯವರೆಗೆ ಈ ಶರಣಪ್ಪನ ಕೈಯಿಂದ ಗಾಡಿ ಹಿಡಿದವರು ಒಬ್ಬರೂ ಗೊಣಗಿಲ್ಲ. ಗೊಣಗಿದವರು ಇದ್ದರೆ ಅವರು ನನ್ನ ಸಲಹೆಯನ್ನು ಪೂರ್ತಿ ಕೇಳಿಸಿಕೊಂಡಿರಲಿಕ್ಕಿಲ್ಲ.

ಇಂಥವನಿಗೆ ಹೆಂಡತಿಯ ಒಂದು ಆನ್‌ಲೈನ್ ತರಬೇತಿ ಯಾವ ಮಹಾ ಎಂದು ನಾನು ಅಂದುಕೊಂಡೆ. ನೀವಾಗಿದ್ದರೂ ಅಂದುಕೊಳ್ಳುತ್ತಿದ್ದಿರಿ.

ನನ್ನ ಹೆಂಡತಿ ಮಹಾದೇವಿ ನಮ್ಮೂರು ಮಸರಕಲ್ಲಿನ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಕಸ ಗುಡಿಸುವುದು, ಅನ್ನ ಸಾಂಬಾರು ಮಾಡುವುದು, ಮೂಗು ಒರೆಸುವುದು, ಒರೆಸಿದ ಮೂಗನ್ನೇ ಮತ್ತೆ ಒರೆಸುವುದು ಅವಳ ಕೆಲಸ. ಅಲ್ಲಿಯ ಕಾರ್ಯಕರ್ತೆ, ಅಂದರೆ ಮಕ್ಕಳಿಗೆ ಕಲಿಸುವ ಟೀಚರು, ನಿವೃತ್ತರಾದರು. ಪಿಯುಸಿ ಪಾಸಾದ ಸಹಾಯಕಿಗೆ ಆ ಜಾಗ ಸಿಗಬಹುದು, ಆದರೆ ಶಿಶುಪಾಲನೆಯ ಆನ್‌ಲೈನ್ ತರಬೇತಿ ಮುಗಿಸಿದ ಸರ್ಟಿಫಿಕೇಟು ಬೇಕು ಎಂದು ಮೇಲ್ವಿಚಾರಕಿ ಮೇಡಂ ಬಂದು ಹೇಳಿದರು. ಮುಂದಿನ ಶುಕ್ರವಾರ ಸಂಜೆ ಐದು ಗಂಟೆಯೇ ಗಡುವು. ತಪ್ಪಿದರೆ ಹೊರಗಿನವರಿಂದ ಅರ್ಜಿ ಕರೆಯುತ್ತಾರೆ.

ಮಹಾದೇವಿ ಪಿಯುಸಿ ಪಾಸಾದದ್ದು ಎರಡು ಮಕ್ಕಳಾದ ಮೇಲೆ, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಇತಿಹಾಸದ ಪುಸ್ತಕ ಹಿಡಿದುಕೊಂಡು. ಆ ವರ್ಷ ನಮ್ಮ ಮನೆಯಲ್ಲಿ ಸಾರು ಆಗಾಗ ತಳ ಹಿಡಿಯುತ್ತಿತ್ತು. ನಾನು ಮಾತಾಡಿರಲಿಲ್ಲ. ಅದೊಂದೇ ವಿಷಯದಲ್ಲಿ ನಾನು ಮಾತಾಡದೆ ಇದ್ದದ್ದು.

ಇಲಾಖೆ ಕೊಟ್ಟ ಅವಳ ಫೋನಿನಲ್ಲಿ ಮಕ್ಕಳ ತೂಕ, ಎತ್ತರ, ಹಾಜರಿ ತುಂಬಿಕೊಂಡು ಇನ್ನೊಂದು ಸಾಸಿವೆ ಕಾಳಿಗೂ ಜಾಗವಿರಲಿಲ್ಲ. ಆದ್ದರಿಂದ ತರಬೇತಿಯ ಆ್ಯಪ್ ನನ್ನ ಫೋನಿಗೆ ಇಳಿಯಿತು. ಶನಿವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಫೋನು ಕೊಟ್ಟು ಹೋಗಿ, ಸಂಜೆ ತಾನೇ ಕೂತು ಮಾಡುತ್ತೇನೆ ಎಂದಳು.

“ಮೊದಲು ನಾ ನೋಡ್ತೀನಿ, ಗಾಡಿ ಚಾಲೂ ಆಗ್ತದೋ ಇಲ್ಲೋ. ಆಮ್ಯಾಲ ನಿನ್ನ ಕೈಗೆ ಕೊಡ್ತೀನಿ,” ಎಂದೆ ನಾನು.

ಆ್ಯಪ್ ತೆರೆದ ಕೂಡಲೇ ಸೂಚನೆಗಳ ಒಂದು ಉದ್ದನೆಯ ಪುಟ ಬಂತು. ಬೆರಳಿನಿಂದ ತಳ್ಳಿದೆ, ತಳ್ಳಿದೆ, ಕೆಳಗೆ ‘ಒಪ್ಪಿಗೆ’ ಎಂದಿತ್ತು, ಒತ್ತಿದೆ. ಅವಳ ಹೆಸರು ಬರೆದೆ, ಕೇಂದ್ರ ಬರೆದೆ. ಆಗ ಫೋನಿನಲ್ಲಿ ಒಂದು ವೃತ್ತ ಮೂಡಿ, ‘ನಿಮ್ಮ ಮುಖವನ್ನು ವೃತ್ತದೊಳಗೆ ಇರಿಸಿ’ ಎಂದಿತು. ಮಹಾದೇವಿಯ ಕೈತುಂಬ ಜೋಳದ ಹಿಟ್ಟು. ಅವಳು ಕೈ ತೊಳೆದು ಬರುವುದರೊಳಗೆ ಕ್ಯಾಮೆರಾ ಸರಿಯಿದೆಯೋ ಇಲ್ಲವೋ ಪರೀಕ್ಷಿಸಿಬಿಡೋಣ ಎಂದು ನನ್ನ ಮುಖವನ್ನೇ ವೃತ್ತದೊಳಗೆ ಇಟ್ಟೆ. ‘ಕಣ್ಣು ಮಿಟುಕಿಸಿ’ ಎಂದಿತು. ಮಿಟುಕಿಸಿದೆ. ‘ತಲೆಯನ್ನು ಎಡಕ್ಕೆ ತಿರುಗಿಸಿ’ ಎಂದಿತು. ತಿರುಗಿಸಿದೆ. ನಾನು ಇಷ್ಟು ವಿಧೇಯವಾಗಿ ನನ್ನ ತಂದೆಯ ಮಾತನ್ನೂ ಕೇಳಿದವನಲ್ಲ.

ಹಸಿರು ಗುರುತು ಬಂತು. ‘ಅಭಿನಂದನೆಗಳು, ಶ್ರೀಮತಿ ಮಹಾದೇವಿ. ನಿಮ್ಮ ಮುಖವನ್ನು ನೋಂದಾಯಿಸಲಾಗಿದೆ.’

ಕೆಳಗೆ ಫೋಟೋ ಇತ್ತು. ಮೀಸೆ ಸಮೇತ!

ಮಹಾದೇವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಕ್ಯಾಮೆರಾ ಬಹಳ ಚೆನ್ನಾಗಿದೆ ಎಂದು ಅವಳಿಗೆ ತಿಳಿಸಿದೆ. ಅವಳು ಫೋನು ಇಸಿದುಕೊಂಡು ತನ್ನ ಮುಖ ತೋರಿಸಿದಳು. ಫೋನು ಎರಡು ಸಲ ನಡುಗಿ, ‘ಮುಖ ಹೊಂದಿಕೆಯಾಗುತ್ತಿಲ್ಲ. ನೀವು ಶ್ರೀಮತಿ ಮಹಾದೇವಿ ಅಲ್ಲ’ ಎಂದಿತು. ಪರಕೀಯರು ಮೂರು ಸಲ ಮುಖ ತೋರಿಸಿದರೆ ಖಾತೆ ಶಾಶ್ವತವಾಗಿ ಮುಚ್ಚುವುದೆಂದೂ, ಇದು ಮೊದಲನೆಯದೆಂದೂ ಎಚ್ಚರಿಸಿತು.

“ನಾ ಮಾದೇವಿ ಅಲ್ಲಂತ,” ಎಂದಳು ಅವಳು, ಬಹಳ ನಿಧಾನವಾಗಿ. “ನೀವಂತ.”

ನಾನು ಗಾಬರಿಯಾಗಲಿಲ್ಲ. ಅಂದರೆ, ಆಗಿದ್ದು ತೋರಿಸಲಿಲ್ಲ. ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಬಂದು, ಮುಖ ಬದಲಿಸಲು ಹದಿನೈದು ಕೆಲಸದ ದಿನಗಳು ಬೇಕು ಎಂದ. ನಾನು ಐದಕ್ಕೆ ಕೇಳಿದೆ. ಹದಿನೈದು ಎಂದ. ನಿಮ್ಮದೂ ಬೇಡ ನನ್ನದೂ ಬೇಡ, ಹತ್ತಕ್ಕೆ ಮುಗಿಸೋಣ ಎಂದೆ. ಹದಿನೈದು ಎಂದ. ಹತ್ತು ಸಿಕ್ಕಿದ್ದರೂ ನಮಗೆ ಉಪಯೋಗವಿರಲಿಲ್ಲ, ಆದರೆ ಕೇಳಿದ ದರಕ್ಕೇ ಒಪ್ಪಿಕೊಳ್ಳುವುದು ನನ್ನ ರಕ್ತದಲ್ಲಿಲ್ಲ. ಆ ಮನುಷ್ಯ ಕಡೆಯವರೆಗೂ ಒಂದು ದಿನ ಇಳಿಯಲಿಲ್ಲ. ಅಂಥವನೊಬ್ಬ ದಲಾಲಿಗೆ ಬಂದರೆ ನಾವೆಲ್ಲ ಬೇರೆ ಉದ್ಯೋಗ ನೋಡಿಕೊಳ್ಳಬೇಕು.

ಮಹಾದೇವಿ ಈಗಲೇ ಮೇಲ್ವಿಚಾರಕಿ ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದಳು. ನಾನು ಬೇಡವೇ ಬೇಡ ಎಂದೆ. ಮಾಲಿನ ದೋಷವನ್ನು ಮಾರುವವನೇ ಬಾಯಿಬಿಟ್ಟು ಹೇಳಿದ್ದನ್ನು ಯಾವ ಸಂತೆಯಲ್ಲಾದರೂ ಯಾರಾದರೂ ಕಂಡಿದ್ದೀರಾ?

“ಇದು ಎತ್ತಲ್ರೀ,” ಎಂದಳು. “ನನ್ನ ನೌಕರಿ.”

ಸಂಜೆಯೊಳಗೆ ಸರಿಮಾಡಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟು ಮಾನ್ವಿಯ ಬಸ್ಸು ಹತ್ತಿದೆ.

ಮಾನ್ವಿಯಲ್ಲಿ ಖಾಜಾ ಎಂಬ ನನ್ನ ಹಳೆಯ ಗಿರಾಕಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದಾನೆ. ಪಹಣಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ಎಲ್ಲ ತೆಗೆದುಕೊಡುತ್ತಾನೆ. ನಾನು ಕೊಡಿಸಿದ ಮೋಟರ್ ಸೈಕಲ್ಲು ಅವನ ಅಂಗಡಿಯ ಮುಂದೆ ನಿಂತಿತ್ತು. ಅದು ನಿಂತೇ ಎರಡು ತಿಂಗಳಾಯಿತು ಎಂದು ಅವನು ಹೇಳಿದ. ಆ ವಿಷಯ ಆಮೇಲೆ ಮಾತಾಡೋಣ ಎಂದೆ.

ನನ್ನ ಕಥೆ ಕೇಳಿ ಖಾಜಾ ಮೊದಲು ನಕ್ಕ, ಆಮೇಲೆ ಯೋಚಿಸಿದ. ಇಬ್ಬರೂ ಕೂಡಿ ಒಂದು ಘನವಾದ ಯೋಜನೆ ಹಾಕಿದೆವು. ಮಹಾದೇವಿಯ ಫೋಟೋವನ್ನು ಮುಖದಷ್ಟು ದೊಡ್ಡದಾಗಿ ಬಣ್ಣದಲ್ಲಿ ಪ್ರಿಂಟ್ ಹಾಕುವುದು. ಫೋಟೋ ಕಣ್ಣು ಮಿಟುಕಿಸುವುದಿಲ್ಲವಾದ್ದರಿಂದ ಕಣ್ಣಿನ ಜಾಗದಲ್ಲಿ ಎರಡು ತೂತು ಕತ್ತರಿಸುವುದು. ಹಿಂದಿನಿಂದ ನಾನು ಮಿಟುಕಿಸುವುದು. ಯಂತ್ರಕ್ಕೆ ಅರ್ಧ ನಾನೂ ಅರ್ಧ ಅವಳೂ ಕಂಡರೆ ಅದು ಮೆತ್ತಗೆ ಅವಳ ಕಡೆಗೆ ವಾಲುತ್ತದೆ ಎಂಬುದು ಖಾಜಾನ ಲೆಕ್ಕ. ಆ ಹೊತ್ತಿನಲ್ಲಿ ನನಗೆ ಅದು ವಿಜ್ಞಾನದ ಹಾಗೆ ಕೇಳಿಸಿತು.

ನಾನು ಹೆಂಡತಿಯ ಮುಖ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತು ಕಣ್ಣು ಮಿಟುಕಿಸುತ್ತಿರುವಾಗ ರೇಷನ್ ಕಾರ್ಡಿಗೆಂದು ಒಬ್ಬ ಮುದುಕಿ ಒಳಗೆ ಬಂದಳು. ನನ್ನನ್ನು ನೋಡಿದಳು. ಬಂದ ದಾರಿಯಲ್ಲೇ ಹೊರಟುಹೋದಳು.

ಫೋನು, ‘ಒಂದಕ್ಕಿಂತ ಹೆಚ್ಚು ಮುಖಗಳು ಕಂಡುಬಂದಿವೆ. ಇದು ನಿಮ್ಮ ಎರಡನೆಯ ಎಚ್ಚರಿಕೆ’ ಎಂದಿತು.

“ಅಣ್ಣಾ, ಮಿಷಿನ್ ಭಾಳ ಹುಷಾರ್ ಅದ,” ಎಂದ ಖಾಜಾ. “ಇನ್ನ ನೀನೇ ಕಲಿ. ಬೇರೆ ದಾರಿನೇ ಇಲ್ಲ.”

ಹೀಗೆ, ಎಂಟನೆಯ ತರಗತಿಗೆ ಶಾಲೆ ಬಿಟ್ಟ ನಾನು, ಐವತ್ತನೆಯ ವಯಸ್ಸಿನಲ್ಲಿ, ಶ್ರೀಮತಿ ಮಹಾದೇವಿ ಎಂಬ ಹೆಸರಿನಲ್ಲಿ, ಮೂರರಿಂದ ಆರು ವರ್ಷದ ಮಕ್ಕಳ ಪಾಲನೆ ಪೋಷಣೆಯ ವಿದ್ಯಾರ್ಥಿಯಾದೆ.

ಹದಿನಾರು ಪಾಠಗಳು. ಪಾಠಕ್ಕೊಂದು ಉದ್ದನೆಯ ವಿಡಿಯೋ, ಅದರ ಕೊನೆಗೆ ಹತ್ತು ಪ್ರಶ್ನೆ. ಎಲ್ಲ ಮುಗಿದ ಮೇಲೆ ಮಕ್ಕಳೊಂದಿಗೆ ಮಾಡಿದ ಒಂದು ಚಟುವಟಿಕೆಯ ವಿಡಿಯೋ ಕಳಿಸಬೇಕು. ವಿಡಿಯೋ ಓಡಿಸಿಟ್ಟು ಚಹಾ ಕುಡಿಯಬಹುದೆಂದು ತಿಳಿಯಬೇಡಿ. ಹತ್ತು ನಿಮಿಷಕ್ಕೊಮ್ಮೆ ಟಿಣ್ ಎಂದು ಗಂಟೆ ಬಾರಿಸಿ ಮುಖ ತೋರಿಸಿ, ಎಡಕ್ಕೆ ತಿರುಗಿ, ಕಣ್ಣು ಮಿಟುಕಿಸಿ ಎನ್ನುತ್ತದೆ. ಅರ್ಧ ನಿಮಿಷದೊಳಗೆ ಮುಖ ಸಿಗದಿದ್ದರೆ ಪಾಠ ಮೊದಲಿನಿಂದ ಶುರು. ಕೈ ತೊಳೆಯುವ ಏಳು ಹಂತಗಳನ್ನು ನಾನು ಮೂರು ಸಲ ಕೇಳಿದ್ದೇನೆ. ಬೇಕಾದರೆ ಈಗಲೂ ಹೇಳುತ್ತೇನೆ.

ಸೋಮವಾರ ಜಾಲಹಳ್ಳಿಯ ರೈತರೊಬ್ಬರು ಟ್ರ್ಯಾಕ್ಟರು ನೋಡಲು ಬಂದರು. ಮಾರುವವನು ನನ್ನ ಎಡಕ್ಕೆ, ಕೊಳ್ಳುವ ಯಜಮಾನರು ಬಲಕ್ಕೆ, ನಡುವೆ ನಾನು. ಮಾತು ಹದಕ್ಕೆ ಬಂದಿತ್ತು. ಯಜಮಾನರು ಇನ್ನೇನು ತಲೆ ಆಡಿಸಬೇಕು, ಟಿಣ್ ಎಂದಿತು! ಅಂಗಿಯ ಜೇಬಿನಿಂದ ಫೋನು ತೆಗೆದು, ಎಡಕ್ಕೆ ತಿರುಗಿ, ಎರಡು ಸಲ ಕಣ್ಣು ಮಿಟುಕಿಸಿದೆ. ಎಡಕ್ಕೆ ಮಾರುವವನಿದ್ದ. ದಲಾಲಿಯಾದವನು ವ್ಯಾಪಾರದ ನಡುವೆ ಮಾರುವವನ ಕಡೆಗೆ ಕಣ್ಣು ಹೊಡೆದರೆ ಅದರ ಅರ್ಥವೇನೆಂದು ನಮ್ಮ ಸೀಮೆಯಲ್ಲಿ ಹಸುಗೂಸಿಗೂ ಗೊತ್ತು. ಯಜಮಾನರು ಟವೆಲ್ಲು ಕೊಡವಿಕೊಂಡು ಎದ್ದರು.

“ಶರಣಪ್ಪ, ನಿನ್ನ ಮ್ಯಾಲ ಇಟ್ಟ ವಿಶ್ವಾಸ ಇವತ್ತಿಗೆ ತೀರಿತಪಾ,” ಎಂದರು.

ಯಜಮಾನರೇ, ನಾನು ಅವನಿಗೆ ಕಣ್ಣು ಹೊಡೆದದ್ದಲ್ಲ, ನಾನು ಮಹಾದೇವಿ ಎಂದು ಸಾಬೀತು ಮಾಡಿದ್ದು, ಎಂದು ನಾನು ಹೇಳಬಹುದಾಗಿತ್ತು. ಹೇಳಿದ್ದರೆ ಇರುವ ಮಾನವೂ ಹೋಗುತ್ತಿತ್ತು. ಫೋನಿನಲ್ಲಿ ಒಬ್ಬ ಮೇಡಂ, ಮಕ್ಕಳ ವಿಶ್ವಾಸ ಗಳಿಸುವುದು ಹೇಗೆ ಎಂದು ಹೇಳುತ್ತಿದ್ದರು.

ಇನ್ನು ಪ್ರಶ್ನೆಗಳ ಸಂಗತಿ. ಮೊದಲ ಪಾಠದ್ದನ್ನು ನಾನೇ ಉತ್ತರಿಸಿದೆ. ವ್ಯವಹಾರ ಜ್ಞಾನ ಇದ್ದವನಿಗೆ ಇದೇನು ಕಷ್ಟ? ‘ಮಗು ಊಟ ಬೇಡವೆಂದು ಅತ್ತರೆ ಏನು ಮಾಡುತ್ತೀರಿ?’ ಎಂದು ಕೇಳಿತ್ತು. ‘ತಟ್ಟೆಯನ್ನು ಬೇರೆ ಮಗುವಿಗೆ ಕೊಡುವುದಾಗಿ ಹೇಳುವುದು’ ಎಂಬುದನ್ನು ಒತ್ತಿದೆ. ಇನ್ನೊಬ್ಬ ಗಿರಾಕಿ ಇದ್ದಾನೆಂದರೆ ಎಂಥವನೂ ದಾರಿಗೆ ಬರುತ್ತಾನೆ. ತಪ್ಪು ಎಂದಿತು. ‘ಒಂದೇ ಆಟಿಕೆಗೆ ಇಬ್ಬರು ಮಕ್ಕಳು ಜಗಳವಾಡಿದರೆ?’ ಎಂದು ಕೇಳಿತ್ತು. ನನಗೆ ತೋಚಿದ್ದು ಹರಾಜು, ಅದು ಪಟ್ಟಿಯಲ್ಲೇ ಇರಲಿಲ್ಲ. ಹತ್ತಕ್ಕೆ ಮೂರು ಬಂತು. ಪಾಠಕ್ಕೆ ಮೂರೇ ಅವಕಾಶವಂತೆ, ಇನ್ನು ಎರಡು ಉಳಿದವು.

ಆಮೇಲೆ ನಾಚಿಕೆ ಬಿಟ್ಟು ಅಂಗನವಾಡಿಗೆ ಫೋನು ಮಾಡತೊಡಗಿದೆ. ಹಿಂದೆ ಹದಿನೆಂಟು ಮಕ್ಕಳ ಗದ್ದಲ, ಒಲೆಯ ಮೇಲೆ ಕುದಿಯುವ ಸಾಂಬಾರು. ನಾನು ಪ್ರಶ್ನೆ ಅರ್ಧ ಓದುವಷ್ಟರಲ್ಲಿ ಅವಳು ಉತ್ತರ ಹೇಳಿರುತ್ತಿದ್ದಳು.

“ಪೂರ್ತಿ ಓದಬ್ಯಾಡ್ರಿ, ಸಾಂಬಾರು ಉಕ್ಕತದ. ‘ಮಗುವಿನ ಎತ್ತರಕ್ಕೆ ಕೂತು ಮಾತಾಡುವುದು’ ಅಂತ ಎಲ್ಲಿ ಅದ ನೋಡ್ರಿ. ಅದನ್ನ ಒತ್ರಿ.”

ಒತ್ತಿದರೆ ಸರಿ. ಹದಿನಾರು ಪಾಠಕ್ಕೂ ಹೀಗೇ. ವಿಡಿಯೋ ನೋಡಿದವನು ನಾನು, ಉತ್ತರ ಬಂದದ್ದು ನೋಡದವಳಿಂದ.

ಬುಧವಾರ ಸಂಜೆ ಅವಳು ರೊಟ್ಟಿ ಬಡಿಸಿ ಎದುರಿಗೆ ಕೂತಳು. ಆಮೇಲೆ ಆ ದಿನದ ಸುದ್ದಿ ಹೇಳಿದಳು. ದೇವದುರ್ಗದಿಂದ ಒಬ್ಬ ಹುಡುಗಿ ತನ್ನ ತಂದೆಯ ಜೊತೆ ಅಂಗನವಾಡಿಗೆ ಬಂದಿದ್ದಳಂತೆ. ಅರ್ಜಿ ಕರೆದರೆ ಹಾಕುವವಳು. ಮಕ್ಕಳನ್ನು ಮಾತಾಡಿಸಲಿಲ್ಲವಂತೆ.

“ಟೇಬಲ್ ಎಲ್ಲಿ ಹಾಕಿಸಬೇಕು ಅಂತ ನೋಡಿದಳು,” ಎಂದಳು ಮಹಾದೇವಿ. “ನನಗ ನೀರು ತರಾಕ ಹೇಳಿದಳು. ತಂದು ಕೊಟ್ಟೆ.”

ಅವಳು ಬೈದಿದ್ದರೆ ಬೈಗುಳಕ್ಕೊಂದು ಉತ್ತರ ಕೊಟ್ಟು ಊಟ ಮುಗಿಸುತ್ತಿದ್ದೆ. ಬೈಯಲಿಲ್ಲ. ನನ್ನ ಹತ್ತಿರ ಕೊಡುವುದಕ್ಕೆ ಒಂದು ಸಲಹೆಯೂ ಇರಲಿಲ್ಲ. ಇದು ನನಗೆ ಹೊಸ ಅನುಭವ.

ಗುರುವಾರ ಕೊನೆಯ ಕೆಲಸ. ‘ಕಡಿಮೆ ಖರ್ಚಿನ ಸಾಮಗ್ರಿ ಬಳಸಿ, ಆಟದ ಮೂಲಕ ಒಂದರಿಂದ ಐದರವರೆಗೆ ಸಂಖ್ಯೆ ಕಲಿಸುವ ಮೂರು ನಿಮಿಷದ ವಿಡಿಯೋ. ಅಭ್ಯರ್ಥಿಯ ಮುಖ ಸ್ಪಷ್ಟವಾಗಿ ಕಾಣಬೇಕು.’ ಅಭ್ಯರ್ಥಿಯ ಮುಖವನ್ನು ಹೊತ್ತುಕೊಂಡು ನಾನು ಅಂಗನವಾಡಿಗೆ ನಡೆದೆ. ದಾರಿಯಲ್ಲಿ ಸಿಕ್ಕವರು ಎಲ್ಲಿಗೆ ಎಂದು ಕೇಳಿದರು. ಗಾಡಿ ನೋಡಲು ಎಂದೆ. ಅವರಲ್ಲಿ ಇಬ್ಬರು ಗಾಡಿ ನೋಡಲು ಹಿಂದೆಯೇ ಬಂದು ಕಿಟಕಿಯಲ್ಲಿ ನಿಂತರು.

ಮಹಾದೇವಿ ಐದು ಬಟ್ಟಲುಗಳಲ್ಲಿ ಶೇಂಗಾ ಎಣಿಸಿ ಹಾಕಿಸುವ ಆಟವೊಂದನ್ನು ಹೇಳಿಕೊಟ್ಟಳು. ಅದು ನನಗೆ ತೀರ ಸಾಧಾರಣ ಎನ್ನಿಸಿತು. ನನ್ನ ತಲೆಯಲ್ಲಿ ಅದಕ್ಕಿಂತ ದೊಡ್ಡ ಯೋಜನೆಯಿತ್ತು. ಎತ್ತಿನ ಸಂತೆಯಲ್ಲಿ ನಾವು ದರವನ್ನು ಬಾಯಿಂದ ಆಡುವುದಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳು ಒತ್ತಿ ಮಾತಾಡುತ್ತೇವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಐದು ಬೆರಳು, ಐದು ಸಂಖ್ಯೆ, ಒಂದು ಹಳೆಯ ಟವೆಲ್ಲು. ಇದಕ್ಕಿಂತ ಕಡಿಮೆ ಖರ್ಚಿನ ಸಾಮಗ್ರಿ ಯಾವುದಿದೆ? ಫೋನನ್ನು ಕಿಟಕಿಯಲ್ಲಿ ನಿಲ್ಲಿಸಿ, ಮಹಾದೇವಿಗೆ ಚಿತ್ರದೊಳಗೆ ಬರಬೇಡ ಎಂದು ತಾಕೀತು ಮಾಡಿ, ಮಕ್ಕಳ ನಡುವೆ ಕೂತೆ.

ಮೊದಲು ಪಲ್ಲವಿ ಎಂಬ ನಾಲ್ಕು ವರ್ಷದ ಹುಡುಗಿ ಬಂದಳು. ಟವೆಲ್ಲಿನ ಕೆಳಗೆ ಅವಳ ಮೂರು ಬೆರಳು ಒತ್ತಿದೆ. ಮೂರು ಎಂದಳು. ಶಭಾಷ್ ಎಂದು ಮೂರು ಶೇಂಗಾ ಕೊಟ್ಟೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆದರೆ ಮೂರಕ್ಕೆ ಮೂರು ಶೇಂಗಾ ಬಂದದ್ದನ್ನು ಹುಲಿಗೆಪ್ಪ ನೋಡಿಬಿಟ್ಟಿದ್ದ. ಅವನಿಗೆ ಐದು ವರ್ಷ, ಮೂಗು ಸೋರುತ್ತಿತ್ತು. ಟವೆಲ್ಲಿನ ಕೆಳಗೆ ಅವನ ಎರಡು ಬೆರಳು ಒತ್ತಿದೆ.

“ಐದು,” ಎಂದ.

ಸರಿಯಾಗಿ ನೋಡು, ಎರಡು ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ಮತ್ತೆ ಐದು ಎಂದ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ, ಎದುರಿನವನು ಐದು ಎಂದು ಗಟ್ಟಿಯಾಗಿ ಕೂತರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಮೂರು ತಗೋ,” ಎಂದುಬಿಟ್ಟೆ.

“ಐದು.”

“ನಾಲ್ಕು. ಇದೇ ಕಡೀ ಮಾತು.”

ಹುಲಿಗೆಪ್ಪ ಕೈ ಬಿಡಿಸಿಕೊಂಡು, ವ್ಯಾಪಾರ ಮುರಿದವರ ಹಾಗೆ ಎದ್ದು ಹೊರಟ! ನಾನು ಹಿಂದಿನಿಂದ ಕೂಗಿ ಕರೆದು ಐದಕ್ಕೇ ಒಪ್ಪಿದೆ. ಎರಡು ಎಂದರೆ ಐದು ಎಂದು ತೀರ್ಮಾನವಾಯಿತು. ಇದನ್ನು ಕಂಡ ಉಳಿದ ಹದಿನಾರು ಮಕ್ಕಳೂ ಐದು ಐದು ಎನ್ನುತ್ತ ನನ್ನ ಮೇಲೆ ಬಿದ್ದರು. ಪಲ್ಲವಿ ತನಗೆ ಮೂರೇ ಬಂತೆಂದು ಅಳತೊಡಗಿದಳು. ಟವೆಲ್ಲನ್ನು ಯಾರೋ ಎಳೆದರು, ಶೇಂಗಾ ಚೆಲ್ಲಾಡಿತು, ಒಂದು ಮಗು ನನ್ನ ಮೀಸೆ ಹಿಡಿದು ಜೋತಾಡಿತು. ಕಿಟಕಿಯಲ್ಲಿ ನಿಂತಿದ್ದ ಇಬ್ಬರೂ ಅಲ್ಲೇ ಕೂತು ನಕ್ಕರು. ನಾನು ಅಕ್ಕಿ ಡಬ್ಬಿಯ ಮೇಲೆ ಹತ್ತಿ ನಿಂತೆ.

ಆಗ ಮಹಾದೇವಿ ಬಂದಳು. ಕೂಗಲಿಲ್ಲ. ನೆಲದ ಮೇಲೆ ಕೂತು, ತುಟಿಯ ಮೇಲೆ ಬೆರಳಿಟ್ಟುಕೊಂಡು, ತನ್ನಷ್ಟಕ್ಕೆ ತಾನು ಒಂದು ಶೇಂಗಾ ಆರಿಸಿ ಬಟ್ಟಲಿಗೆ ಹಾಕಿ, ಕಿವಿಗೊಟ್ಟು ಕೇಳಬೇಕಾದಷ್ಟು ಸಣ್ಣ ದನಿಯಲ್ಲಿ ಒಂದು ಎಂದಳು. ಹತ್ತಿರವಿದ್ದ ಮಗು ಸುಮ್ಮನಾಯಿತು. ಎರಡು ಎಂದಳು. ಇನ್ನೂ ನಾಲ್ವರು ಸುಮ್ಮನಾದರು. ಪಲ್ಲವಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಒಂದು ನಿಮಿಷದಲ್ಲಿ ಹದಿನೆಂಟು ಮಕ್ಕಳೂ ಚೆಲ್ಲಿದ ಶೇಂಗಾವನ್ನು ಎಣಿಸಿ ಎಣಿಸಿ ಬಟ್ಟಲು ತುಂಬುತ್ತಿದ್ದರು. ಹುಲಿಗೆಪ್ಪ ತನ್ನ ಐದನ್ನೂ ವಾಪಸು ಹಾಕಿದ.

ಇದನ್ನು ಅಳಿಸಿ ಇನ್ನೊಮ್ಮೆ ತೆಗೆಯೋಣ ಎಂದು ಫೋನಿನ ಹತ್ತಿರ ಹೋದೆ. ಮೂರು ನಿಮಿಷ ಮುಗಿದಿತ್ತು. ‘ನಿಮ್ಮ ವಿಡಿಯೋ ಸಲ್ಲಿಕೆಯಾಗಿದೆ. ಧನ್ಯವಾದಗಳು, ಶ್ರೀಮತಿ ಮಹಾದೇವಿ.’

ಶುಕ್ರವಾರ ಬೆಳಿಗ್ಗೆ ಸರ್ಟಿಫಿಕೇಟಿನ ಬದಲು ಒಂದು ಸಂದೇಶ ಬಂತು. ಮೂಲ ದಾಖಲೆಗಳೊಂದಿಗೆ ಇಂದೇ ರಾಯಚೂರಿನ ಕಚೇರಿಗೆ ಖುದ್ದಾಗಿ ಹಾಜರಾಗಬೇಕು. ಖುದ್ದಾಗಿ ಎಂದರೆ ಯಾರು ಎಂದು ಬರೆದಿರಲಿಲ್ಲ. ಇಬ್ಬರೂ ಹೊರಟೆವು.

ಬಸ್ಸಿನಲ್ಲಿ ಕಿಟಕಿಯ ಜಾಗ ಅವಳಿಗೆ ಬಿಟ್ಟು ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಗಾಡಿ ಮಾರಿದ್ದೇನೋ ಲೆಕ್ಕವಿಲ್ಲ, ಅಷ್ಟೂ ಸಲ ವ್ಯಾಪಾರ ಮುರಿದು ಬಿದ್ದರೂ ಹೋಗುತ್ತಿದ್ದದ್ದು ನನ್ನ ಗಂಟು. ಈ ಸಲ ಅವಳದು. ಗಬ್ಬೂರು ದಾಟುವವರೆಗೂ ಅವಳು ಕಿಟಕಿಯ ಹೊರಗಿನ ಹತ್ತಿ ಹೊಲಗಳನ್ನೇ ನೋಡುತ್ತಿದ್ದಳು. ಬೇಕಾದರೆ ಮೀಸೆ ಬೋಳಿಸಿಕೊಂಡು ಬಿಡುತ್ತೇನೆ, ದೂರದಿಂದ ಸ್ವಲ್ಪ ಹೋಲಬಹುದು ಎಂದೆ. ಅವಳು ತಿರುಗಿ ನನ್ನ ಮುಖವನ್ನು ಒಂದು ಸಲ ಪೂರ್ತಿಯಾಗಿ ನೋಡಿ ಮತ್ತೆ ಹತ್ತಿಯ ಕಡೆಗೆ ತಿರುಗಿದಳು.

ಕಚೇರಿಯಲ್ಲಿ ಕನ್ನಡಕ ಹಾಕಿದ ಒಬ್ಬ ಅಧಿಕಾರಿ ಮೇಡಂ ಕೂತಿದ್ದರು. ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು.

“ಇಬ್ಬರೊಳಗ ಮಹಾದೇವಿ ಯಾರು?” ಎಂದರು.

ನಾನು ಬಸ್ಸಿನಲ್ಲಿ ಸಿದ್ಧಮಾಡಿಕೊಂಡ ಮಾತು ತೆಗೆದೆ. ದೊಡ್ಡದು ಕೇಳಿ ಸಣ್ಣದಕ್ಕೆ ಇಳಿಯುವುದು ವ್ಯಾಪಾರದ ಕ್ರಮ. ಗಾಬರಿಯಲ್ಲಿ ಸಣ್ಣದೇ ಮೊದಲು ಬಂತು.

“ಮೇಡಂ, ಪೂರ್ತಿ ಪಾಸ್ ಬ್ಯಾಡ್ರಿ. ನಿಮ್ಮ ಮನಸಿಗೆ ಬಂದಂಗ ಒಂದು ಅರ್ಧ ಪಾಸ್ ಮಾಡ್ರಿ.”

“ನೀವು ಸುಮ್ಮನಿರ್ರಿ,” ಎಂದಳು ಮಹಾದೇವಿ. ನಾಲ್ಕು ಜನರೆದುರು ಅವಳು ನನಗೆ ಹಾಗೆಂದದ್ದು ಅದೇ ಮೊದಲು. ಆಮೇಲೆ ಅವರ ಕಡೆಗೆ ತಿರುಗಿದಳು. “ಮೇಡಂ, ಉತ್ತರ ನನ್ನವು, ಮಾರಿ ಇವರದು. ತಪ್ಪು ಇಬ್ಬರದೂ ಅದ. ಮೊದಲನೇ ದಿನಾನೇ ನಾ ಬಂದು ಹೇಳಬೇಕಾಗಿತ್ತು, ಹೇಳಲಿಲ್ಲ. ಈಗ ಇಲ್ಲೇ ಕೂತು ಎಲ್ಲಾ ಪ್ರಶ್ನೆ ಕೇಳ್ರಿ. ಬರದಿದ್ರ ನಾ ಹೋಗಿ ಅಡಗಿ ಮಾಡ್ತೀನಿ.”

ಮೇಡಂ ವಿಡಿಯೋ ಹಚ್ಚಿದರು. ‘ನಾಲ್ಕು. ಇದೇ ಕಡೀ ಮಾತು’ ಎಂಬ ನನ್ನ ದನಿ ಆ ಕಚೇರಿಯಲ್ಲಿ ಬಹಳ ಸ್ಪಷ್ಟವಾಗಿ ಕೇಳಿಸಿತು. ಪಕ್ಕದ ಮೇಜುಗಳಿಂದ ಗುಮಾಸ್ತರು ಎದ್ದು ಬಂದರು. ನಾನು ಅಕ್ಕಿ ಡಬ್ಬಿ ಹತ್ತಿದಾಗ ಒಬ್ಬರು ಕಣ್ಣೀರು ಒರೆಸಿಕೊಂಡರು. ಕೊನೆಯ ಒಂದು ನಿಮಿಷ ಬಂದಾಗ ನಗು ನಿಂತಿತು. ಆ ಒಂದು ನಿಮಿಷವನ್ನು ಮೇಡಂ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು.

“ಎಷ್ಟು ವರ್ಷ ಆತು ನೀವು ಸಹಾಯಕಿ ಆಗಿ?”

ಹನ್ನೊಂದು ಎಂದಳು.

“ಹತ್ತು ವರ್ಷ ದಾಟಿದವರು ವಿಡಿಯೋ ನೋಡೋದೇ ಬೇಕಿಲ್ಲ. ನೇರ ಪರೀಕ್ಷೆ ಬರೀಬಹುದು. ಸೂಚನೆ ಪುಟದಾಗ ಮೊದಲನೇ ಸಾಲೇ ಅದ. ಓದಿಲ್ಲೇನು?”

ಮಹಾದೇವಿ ನನ್ನ ಕಡೆಗೆ ನೋಡಿದಳು. ನಾನು ಗೋಡೆಯ ಮೇಲಿದ್ದ ಪೌಷ್ಟಿಕ ಆಹಾರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಮುಖ ಬದಲಿಸುವುದೂ ಈ ಕಚೇರಿಯಲ್ಲಿ ಎರಡು ನಿಮಿಷದ ಕೆಲಸವಂತೆ. ಶನಿವಾರವೇ ಮೇಲ್ವಿಚಾರಕಿಗೆ ಒಂದು ಮಾತು ಹೇಳಿದ್ದರೆ ಸೋಮವಾರ ಮುಗಿದುಹೋಗುತ್ತಿತ್ತಂತೆ. ಇಷ್ಟನ್ನು ಮೇಡಂ ಅತ್ಯಂತ ಸಮಾಧಾನದಿಂದ, ನನ್ನ ಎತ್ತರಕ್ಕೆ ಇಳಿದು ವಿವರಿಸಿದರು.

ಮಧ್ಯಾಹ್ನ ಮೂರಕ್ಕೆ ಮಹಾದೇವಿಯನ್ನು ಒಳಗೆ ಕಂಪ್ಯೂಟರಿನ ಮುಂದೆ ಕೂಡಿಸಿದರು. ಐವತ್ತು ಪ್ರಶ್ನೆ. ನನ್ನನ್ನು ಹೊರಗೆ ಕಳಿಸಿದರು, ಬಾಗಿಲನ್ನೂ ಹಾಕಿದರು. ಕಾರಿಡಾರಿನಲ್ಲಿ ನಾನು ಆ ತುದಿಯಿಂದ ಈ ತುದಿಗೆ ನಡೆದೆ. ಗಡಿಯಾರ ಅಲ್ಲೊಂದಿತ್ತು, ಅದು ನಡೆಯಲೊಲ್ಲದು. ಮೂರೂವರೆ ಆಯಿತು. ನಾಲ್ಕಾಯಿತು. ಸಮಾಧಾನಕ್ಕೆಂದು ಅಲ್ಲಿಯ ಜವಾನನಿಗೆ ಅವನ ಗಾಡಿಯ ಬಗ್ಗೆ ಒಂದು ಸಲಹೆ ಕೊಡಲು ಹೋದೆ. ಅವನೂ ಆ ವಿಡಿಯೋ ನೋಡಿದ್ದನಂತೆ. ಸಲಹೆ ಅರ್ಧಕ್ಕೇ ನಿಂತಿತು.

ನಾಲ್ಕೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಮಹಾದೇವಿಯ ಕೈಯಲ್ಲಿ ಒಂದು ಕಾಗದವಿತ್ತು. ಐವತ್ತಕ್ಕೆ ನಲವತ್ತೆಂಟು! ಅವಳ ಹೆಸರು, ಅವಳ ಮುಖ. ಮೀಸೆಯಿಲ್ಲ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಡಚಬಾರದಲ್ಲ, ಹೆಂಗ ಒಯ್ಯೋದು ಎಂದು ನನ್ನನ್ನೇ ಕೇಳಿದಳು. ಏಳು ದಿನದಲ್ಲಿ ಮೊದಲ ಸಲ ನನ್ನಿಂದ ಒಂದು ಸಲಹೆ ಕೇಳಿದ್ದಳು. ನಾನು ಜೇಬು ತಡಕಿದೆ, ಕೈಗೆ ಸಿಕ್ಕಿದ್ದು ಫೋನೊಂದೇ.

ಆಗ ಒಳಗಿನಿಂದ ಗುಮಾಸ್ತರು ನನ್ನನ್ನು ಕರೆದರು. ಹಳೆಯ ಖಾತೆ ರದ್ದು ಮಾಡುವ ಮೊದಲು ಅದರ ಫಲಿತಾಂಶವನ್ನು ಅಭ್ಯರ್ಥಿಗೆ ತೋರಿಸಿ ಸಹಿ ಪಡೆಯಬೇಕಂತೆ, ಅದು ನಿಯಮವಂತೆ. ನನ್ನ ಫೋಟೋ ಇದ್ದ ಒಂದು ಹಾಳೆ ಮುಂದಿಟ್ಟರು. ಶ್ರೀಮತಿ ಮಹಾದೇವಿ ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿ ಮೇಲೆ ಶ್ರೀ ಶರಣಪ್ಪ ಎಂದು ಬರೆದಿದ್ದರು. ಮೌಲ್ಯಮಾಪಕರ ಷರಾ ಹೀಗಿತ್ತು:

‘ಅನುತ್ತೀರ್ಣ. ಅಭ್ಯರ್ಥಿಯು ಮಕ್ಕಳೊಂದಿಗೆ ಚೌಕಾಶಿ ಮಾಡುತ್ತಾರೆ. ಅದರಲ್ಲೂ ಸೋಲುತ್ತಾರೆ.’

ಓದಿ, ಒಪ್ಪಿ, ಸಹಿ ಮಾಡಿದೆ.